ಕಾರಿನ ಶಾಕ್ ಅಬ್ಸಾರ್ಬರ್ ಬದಲಿಸುವಾಗ ಥ್ರಸ್ಟ್ ಬೇರಿಂಗನ್ನೂ ಬದಲಿಸಬೇಕಾ?

"ಮುಂದಿನ ಶಾಕ್ ಅಬ್ಸಾರ್ಬರ್ ಬದಲಿಸ್ತಾ ಇದ್ದೀನಿ. ಮೇಲಿರೋ ಬೇರಿಂಗೂ ಹೊಸದು ಬೇಕಾ, ಸುಮ್ನೆ ಖರ್ಚಾ?" ನನ್ನನ್ನು ಜಾಸ್ತಿ ಜನ ಕೇಳುವುದು ಇದನ್ನೇ. ಹಾಕಿಸಿ ಅನ್ನುತ್ತೇನೆ.

ಹೆಚ್ಚಿನ ಸಣ್ಣ ಕಾರುಗಳ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಶಾಕ್ ಅಬ್ಸಾರ್ಬರ್ ಮತ್ತು ಅದರ ಸುತ್ತಲಿನ ಸ್ಪ್ರಿಂಗ್ ಸೇರಿ ಒಂದು ಕಂಬದ ಹಾಗೆ ನಿಂತಿರುತ್ತವೆ. ಸ್ಟೀರಿಂಗ್ ತಿರುಗಿಸಿದರೆ ಚಕ್ರದ ಜೊತೆ ಈ ಕಂಬವೂ ತಿರುಗಬೇಕು. ಆದರೆ ಅದರ ತಲೆ ಕಾರಿನ ಬಾಡಿಯಲ್ಲಿ ಬೋಲ್ಟ್ ಆಗಿದೆ, ಅಲ್ವಾ? ತಿರುಗುವ ಸ್ಪ್ರಿಂಗಿಗೂ ತಿರುಗದ ಬಾಡಿಗೂ ನಡುವೆ ಕೂತಿರುವುದೇ ಥ್ರಸ್ಟ್ ಬೇರಿಂಗ್. ಕಾರಿನ ಆ ಮೂಲೆಯ ಭಾರವೆಲ್ಲ, ಸಣ್ಣ ಕಾರಿನಲ್ಲೂ ಸುಮಾರು 300 ಕೆಜಿ, ಅಂಗೈಯಗಲದ ಈ ಬಳೆಯ ಮೇಲೆ.

ಚಕ್ರದ ಬೇರಿಂಗ್ ಸದಾ ಸುತ್ತುತ್ತಿರುತ್ತದೆ. ಇದು ಹಾಗಲ್ಲ. ಪೂರ್ತಿ ಸ್ಟೀರಿಂಗ್ ಕೊಟ್ಟರೂ ಒಂದು ಕಡೆಗೆ ಕಾಲು ಸುತ್ತು ಕೂಡ ತಿರುಗುವುದಿಲ್ಲ. ನೇರ ರಸ್ತೆಯಲ್ಲಂತೂ ಬೇರಿಂಗ್ ಒಳಗಿನ ಗುಂಡುಗಳು ಇದ್ದಲ್ಲೇ ಇರುತ್ತವೆ. ಪ್ರತಿ ರಸ್ತೆಗುಂಡಿಯ ಹೊಡೆತವೂ ಅದೇ ಜಾಗಕ್ಕೆ ಬೀಳುತ್ತದೆ. ನಿಧಾನವಾಗಿ ಅಲ್ಲಿ ಸಣ್ಣ ಕುಳಿಗಳಾಗುತ್ತವೆ. ಚಕ್ರ ಎರಚುವ ನೀರು, ಧೂಳು ಸೀಲ್ ದಾಟಿ ಒಳಗೆ ಹೋದರೆ ಗ್ರೀಸ್ ಕೂಡ ಕೆಡುತ್ತದೆ.

ಆಮೇಲೆ ಬೇರಿಂಗ್ ಹಿಡಿದುಕೊಳ್ಳುತ್ತದೆ. ಸ್ಪ್ರಿಂಗ್ ತಿರುಗಲಾಗದೆ ತಿರುಚಿಕೊಂಡು, ತಡೆಯಲಾಗದಾಗ ಟಂಗ್ ಅಂತ ಜಾರುತ್ತದೆ. ತಿರುವು ಮುಗಿದ ಮೇಲೂ ಸ್ಟೀರಿಂಗ್ ತಾನಾಗಿ ನೇರವಾಗುವುದಿಲ್ಲ. ನನಗೆ ಶಬ್ದಕ್ಕಿಂತ ಇದೇ ಜಾಸ್ತಿ ಚಿಂತೆ. ಪವರ್ ಸ್ಟೀರಿಂಗ್ ಇದ್ದರೆ ಬಿಗಿತ ಕೈಗೆ ಬೇಗ ಗೊತ್ತಾಗುವುದೂ ಇಲ್ಲ.

ಪರೀಕ್ಷೆ ಸುಲಭ. ಕಾರು ನಿಂತಿರುವಾಗ ಒಬ್ಬರು ಸ್ಟೀರಿಂಗ್ ತಿರುಗಿಸಲಿ. ಇನ್ನೊಬ್ಬರು ಬಾನೆಟ್ ಎತ್ತಿ ಸ್ಟ್ರಟ್ಟಿನ ತಲೆಯ ಮೇಲೆ ಅಂಗೈ ಇಟ್ಟು ನೋಡಲಿ. ಕರಕರ ಅಂದರೆ, ಜರ್ಕ್ ಹೊಡೆದರೆ, ಬೇರಿಂಗ್ ಮೇಲೇ ಮೊದಲ ಅನುಮಾನ. ಬರೀ ಹಂಪ್ ದಾಟುವಾಗ ಶಬ್ದ ಬಂದರೆ ಸ್ಟ್ರಟ್ಟಿನ ತಲೆಯ ರಬ್ಬರ್ ಮೌಂಟ್, ಸಸ್ಪೆನ್ಷನ್ ಲಿಂಕ್, ಬಾಲ್ ಜಾಯಿಂಟ್ (ಗುಂಡು ತಲೆಯ ಕೀಲು) ನೋಡಿಸಿ. ಡಬಲ್ ವಿಶ್‌ಬೋನ್, ಅಂದರೆ ಚಕ್ರವನ್ನು ಮೇಲೊಂದು ಕೆಳಗೊಂದು ತೋಳು ಹಿಡಿದಿರುವ ಸಸ್ಪೆನ್ಷನ್, ಇರುವ ಕಾರಾದರೆ ಈ ಮಾತೇ ಬೇಡ, ಅಲ್ಲಿ ತಿರುಗಿಸುವ ಕೆಲಸ ಬಾಲ್ ಜಾಯಿಂಟ್‌ಗಳದ್ದು.

ಶಾಕ್ ಜೊತೆಗೇ ಯಾಕೆ? ಬೇರಿಂಗ್ ತಲುಪಲು ಸ್ಟ್ರಟ್ ಇಳಿಸಿ, ಸ್ಪ್ರಿಂಗ್ ಅದುಮಲೇಬೇಕು. ಶಾಕ್ ಬದಲಿಸಲೂ ಅದೇ ಕೆಲಸ. ಹಳೇ ಬೇರಿಂಗ್ ಬಿಟ್ಟರೆ ಸ್ವಲ್ಪ ದಿನಕ್ಕೆ ಪೂರ್ತಿ ಕೂಲಿ ಮತ್ತೆ ಕೊಡಬೇಕಾಗಬಹುದು. ಮನೆಯಲ್ಲೇ ಮಾಡುತ್ತೇನೆ ಅನ್ನುವವರಿಗೆ ಕೈಮುಗಿದು ಹೇಳುತ್ತೇನೆ: ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗ್ ಅದುಮುವ ಸಾಧನ) ಹಾಕಿ ಅದುಮದೆ ಮೇಲಿನ ನಟ್ಟು ಬಿಚ್ಚಬೇಡಿ. ಸ್ಪ್ರಿಂಗ್ ಸಿಡಿದರೆ ಜೀವಕ್ಕೇ ಅಪಾಯ.

ಎರಡೂ ಬದಿ ಒಟ್ಟಿಗೆ ಹಾಕಿಸಿ. ಯಾವ ಮುಖ ಮೇಲೆ ಅಂತಲೂ ನೋಡಿಸಿ. ತಲೆಕೆಳಗಾಗಿ ಕೂತರೆ ಹೊಸ ಬೇರಿಂಗೂ ಬೇಗ ಹಾಳಾಗುತ್ತದೆ.