ಕೀಲಿನ ಸಂದು

ನಾಡಿದ್ದು ನವೆಂಬರ್ 15. ಅಮೆರಿಕದ ಮಿಷಿಗನ್‌ನಲ್ಲಿ ಬಂದೂಕಿನ ಜಿಂಕೆ ಬೇಟೆ ಶುರು.

ಅಂಗಡಿಯಲ್ಲಿ ಬಕ್ 110 ಅನ್ನೋ ಮಡಚು ಚಾಕು ಕೈಗೆತ್ತಿಕೊಂಡೆ. ಮೂರೂಮುಕ್ಕಾಲು ಇಂಚಿನ ಅಲಗು, ಹಿತ್ತಾಳೆ, ಮರದ ಹಿಡಿ. ಬಿಚ್ಚಿದರೆ ಟಕ್ ಅಂತ ಲಾಕ್. ಆ ಸದ್ದಿಗೇ ಮನಸೋತಿದ್ದೆ.

ಜೊತೆಗೆ ಬಂದಿದ್ದ ಪಕ್ಕದ ಮನೆ ಅಜ್ಜ ಜೇಬಿನಿಂದ ತಮ್ಮ ಹಳೇ ಮಡಚು ಚಾಕು ತೆಗೆದು ಕೀಲಿನ ಸಂದು ತೋರಿಸಿದರು. ಒಳಗೆ ಕಪ್ಪಾಗಿ ಒಣಗಿದ ರಕ್ತ, ಒಂದೆಳೆ ಕೂದಲು. ಹೋದ ವರ್ಷದ್ದು.

"ಮೊದಲು ಇಲ್ಲಿ ತೊಳೆಯೋಕಾಗುತ್ತಾ ನೋಡು" ಅಂದರು. ತುದಿ ತೀರಾ ಚೂಪಿದ್ದರೂ ಕಷ್ಟವಂತೆ. ಹೊಟ್ಟೆ ಸೀಳುವಾಗ ಕರುಳಿಗೆ ತಾಗಿದರೆ ಮಾಂಸ ಕೆಡುತ್ತೆ. ಜೀವ ತೆಗೆದ ಮೇಲೆ ಅದನ್ನ ಹಾಳು ಮಾಡೋದು ನನಗೆ ಸಹಿಸೋಕಾಗಲ್ಲ.

ತುದಿ ಕೊಂಚ ಕೆಳಗಿಳಿದ, ಸಣ್ಣ ಅಲಗಿನ, ಕಿತ್ತಳೆ ಹಿಡಿಯದ್ದು ತಗೊಂಡೆ. ತರಗೆಲೆಯಲ್ಲಿ ಬಿದ್ದರೂ ಕಾಣುತ್ತೆ.

ಸಂಜೆಯಿಂದ ಗ್ಲೌಸ್ ಹಾಕ್ಕೊಂಡು ಅದನ್ನ ಬಿಚ್ಚೋದು, ಮಡಚೋದು, ಮತ್ತೆ ಬಿಚ್ಚೋದು.