ಮೂರು ಬೀಗದ ವಾಡೆಯಲ್ಲಿ ಒಂದು ಮದುವೆ

ನಮ್ಮ ಗಂಗಾವತಿ ಕಡೆ ಮದುವೆ ಎಂದರೆ ಸಾವಿರದ ಲೆಕ್ಕದ ಜನ, ಹವಾನಿಯಂತ್ರಿತ ಮಂಟಪ, ಹಿಂದೆ ಎಲ್‌ಇಡಿ ಪರದೆ, ತಲೆಯ ಮೇಲೆ ತಿರುಗುವ ಕ್ರೇನು. ಫೋಟೊಗ್ರಾಫರನ ಅರ್ಧ ದಿನ ಮುಯ್ಯಿ ಸಾಲಿನ ಎದುರೇ ಕಳೆಯುತ್ತದೆ. ಕವರ್ ಹಿಡಿದವರು ಹತ್ತುತ್ತಾರೆ, ನಿಲ್ಲುತ್ತಾರೆ, ಇಳಿದು ಊಟಕ್ಕೆ ಹೋಗುತ್ತಾರೆ. ಅವರು ಯಾರೆಂದು ಮದುಮಕ್ಕಳಿಗೇ ಗೊತ್ತಿರುವುದಿಲ್ಲ, ನನಗೆಲ್ಲಿಂದ ಗೊತ್ತಾಗಬೇಕು?

ಹೀಗಿರುವಾಗ ಒಬ್ಬ ಹುಡುಗಿ ಫೋನ್ ಮಾಡಿ, ಕುಕನೂರು ತಾಲೂಕಿನ ಒಂದು ಹಳ್ಳಿಯಲ್ಲಿ ತಮ್ಮ ಅಜ್ಜನ ಕಾಲದ ವಾಡೆ, ಅಂದರೆ ದೊಡ್ಡ ಮನೆ ಇದೆ, ಅಲ್ಲೇ ಮದುವೆ, ಅರವತ್ತು ಮಂದಿ, ಡ್ರೋನ್ ಬೇಡ ಎಂದಳು. ‘ಪಡಸಾಲಿಗೆ ಬೆಳಕು ಎಲ್ಲಿಂದ ಬರ್ತದವ್ವಾ?’ ಎಂದು ಕೇಳಿದೆ. ‘ಮ್ಯಾಲಿಂದ’ ಎಂದು ನಕ್ಕಳು.

ವರನಿಗೆ ಇಟಗಿಯ ಮಹಾದೇವ ದೇವಾಲಯದಲ್ಲಿ ನಾಲ್ಕು ಫೋಟೊ ಆಗಲಿ ಎಂಬ ಆಸೆ ಇತ್ತಂತೆ. ತಪ್ಪೇನಿಲ್ಲ. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ ಅದು, ಶಾಸನವೇ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಆದರೆ ಹುಡುಗಿ ಒಪ್ಪಿಲ್ಲ. ‘ಆ ಕಂಬದ ಮುಂದ ಎಲ್ಲಾರೂ ನಿಂತಾರ್ರಿ. ನಮ್ಮ ಮನಿ ಕಂಬದ ಮುಂದ ಯಾರೂ ನಿಂತಿಲ್ಲ.’ ಆ ಮಾತಿಗೆ ನಾನು ರೇಟು ಸ್ವಲ್ಪ ಇಳಿಸಿದೆ.

ಎರೆಹೊಲಗಳ ನಡುವೆ ಊರು. ವಾಡೆಯ ಅಗಸಿ ಬಾಗಿಲು ದಾಟಿದರೆ ಅಂಗಳ, ಆಮೇಲೆ ಕಲ್ಲು ಮಣ್ಣಿನ ಗೋಡೆಗಳ ಪಡಸಾಲಿ. ಗೋಡೆಯ ದಪ್ಪದಲ್ಲಿ ಒಬ್ಬ ಮನುಷ್ಯ ಆರಾಮಾಗಿ ಮಲಗಬಹುದು. ಏಪ್ರಿಲ್ ಬಿಸಿಲಿನಿಂದ ಒಳಗೆ ಕಾಲಿಟ್ಟ ಕೂಡಲೇ ಬೆವರು ಆರಿತು. ಗೋಡೆಯ ಮೇಲೆ ಶೇರ್ವಾನಿ ತೊಟ್ಟ ಮುತ್ತಾತನ ಕಪ್ಪುಬಿಳುಪು ಫೋಟೊ. 1948ರ ಸೆಪ್ಟೆಂಬರ್‌ವರೆಗೆ ಈ ಸೀಮೆಯೆಲ್ಲ ಹೈದರಾಬಾದ್ ನಿಜಾಮನದು. ಮನೆಯ ಹಳೇ ಟ್ರಂಕಿನಲ್ಲಿ ಹೊಲದ ಕಾಗದಗಳು ಇಂದಿಗೂ ಉರ್ದುವಿನಲ್ಲೇ ಇವೆ, ಓದುವವರು ಮನೆಯಲ್ಲಿ ಯಾರೂ ಉಳಿದಿಲ್ಲ. ಕಾಗದ ಓದಲು ಬಾರದಿದ್ದರೂ ಹೊಲದ ಜಗಳಕ್ಕೆ ಅಡ್ಡಿಯೇನೂ ಆಗಿಲ್ಲ. ವಾಡೆ ಈಗ ಮೂವರು ಅಣ್ಣತಮ್ಮಂದಿರ ಪಾಲು, ಮೂರು ಬೀಗ. ಒಳಗಿನ ಒಂದು ಬಾಗಿಲಿಗೆ ಇಟ್ಟಿಗೆ ಇಟ್ಟು ಮುಚ್ಚಿದ್ದಾರೆ. ಮದುವೆಗಾಗಿ ಮೂರೂ ಕೀಲಿಕೈ ಒಂದೇ ದಿನ ಊರಿಗೆ ಬಂದದ್ದೇ ದೊಡ್ಡದು ಎಂದು ಅಡುಗೆಯವರು ನನ್ನ ಕಿವಿಯಲ್ಲಿ ಹೇಳಿದರು.

ಬೆಳಕಿನ ಮಾತಿಗೆ ಬರುತ್ತೇನೆ. ಫ್ಲ್ಯಾಶನ್ನು ಚಾವಣಿಗೆ ಹೊಡೆದು ಕೆಳಗಿಳಿಸುವುದು ನಮ್ಮ ಮಾಮೂಲಿ ಉಪಾಯ. ಇಲ್ಲಿ ತೊಲೆ, ಜಂತಿ ಎಲ್ಲ ತಲೆಮಾರುಗಳ ಹೊಗೆ ಕುಡಿದು ಕಪ್ಪಾಗಿವೆ. ಹೊಡೆದ ಬೆಳಕನ್ನು ಅವೇ ನುಂಗುತ್ತವೆ. ಗೋಡೆಗೆ ಹೊಡೆಯೋಣವೆಂದರೆ ನೀಲಿ ಬೆರೆಸಿದ ಸುಣ್ಣ, ಅರಿಶಿಣ ಹಚ್ಚಿದ ಮುಖಗಳು ಹಸಿರಿಗೆ ತಿರುಗುತ್ತವೆ. ಉಳಿದದ್ದು ಮಾಳಿಗೆಯ ಬೆಳಕಿಂಡಿ. ಅದರಿಂದ ಬಿಸಿಲು ನೆಲದ ಮೇಲೆ ತಟ್ಟೆಯಗಲ ಬೀಳುತ್ತದೆ. ಅದರೊಳಗೆ ಕೂತವರ ಹಣೆ ಸುಟ್ಟ ಬಿಳಿ, ಆಚೆ ಕೂತವರು ಕತ್ತಲು. ಮೇಲಾಗಿ ಆ ಬಿಸಿಲು ನಿಂತಲ್ಲಿ ನಿಲ್ಲುವುದಿಲ್ಲ.

ಮುಹೂರ್ತ 11.40ಕ್ಕೆ. ಆ ಹೊತ್ತಿಗೆ ಬಿಸಿಲು ಎಲ್ಲಿರುತ್ತದೆಂದು ಮೊಬೈಲಿನ ಆ್ಯಪ್ ತೆರೆದು ನೋಡುತ್ತಿದ್ದೆ. ಕಂಬಕ್ಕೆ ಒರಗಿ ಕೂತಿದ್ದ ಅಜ್ಜಿ ‘ಏನ್ ಹುಡುಕ್ತಿಯೋ ತಮ್ಮಾ?’ ಎಂದರು. ಹೇಳಿದೆ. ‘ಅದಕ್ಕ ಮೊಬೈಲ್ ಯಾಕ ಬೇಕು? ಈಗ ದಿನಗಳಾಗ ಹನ್ನೊಂದೂವರಿಗೆ ಈ ಕಂಬದ ಬುಡಕ್ಕ ಬರ್ತದ. ನಾನು ಜ್ವಾಳ ಹಸನ ಮಾಡೋದು ಅದರ ಹಿಂದ ಸರಕೋತನ.’ ಆ್ಯಪ್ ಮುಚ್ಚಿದೆ. ಮಣೆಗಳನ್ನು ಆ ಕಂಬದಿಂದ ಎರಡು ಮಾರು ಹಿಂದಕ್ಕೆ ಹಾಕಿಸಿ, ಒಂದು ಬಿಳಿ ಬಟ್ಟೆ ಬೇಕು ಎಂದೆ. ಶಾವಿಗೆ ಒಣಹಾಕುವ ಹಳೇ ಧೋತರ ಬಂತು. ಅದನ್ನು ಬಿಸಿಲು ಬೀಳುವ ಜಾಗದಲ್ಲಿ ಹಾಸಿದೆ. ಬಿಸಿಲು ಅದರ ಮೇಲೆ ಬಿದ್ದು ಚದುರಿ ಮೇಲೆದ್ದಾಗ ಇಬ್ಬರ ಮುಖಕ್ಕೂ ಮೆತ್ತಗೆ ಬೆಳಕು ಹತ್ತಿತು. 35 ಎಂಎಂ ಲೆನ್ಸು, ಬೆಳಕು ಹಿಡಿಯುವ ಮಟ್ಟ ಏರಿಸಿ ಐಎಸ್‌ಒ 3200. ಫ್ಲ್ಯಾಶ್ ಚೀಲದಿಂದ ಹೊರಗೇ ಬರಲಿಲ್ಲ.

ಇದಕ್ಕೂ ಮುಂಚೆ ಅಂಗಳದಲ್ಲಿ ಸುರಗಿ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು ಬಿಳಿ ದಾರ ಸುತ್ತಿ, ನಡುವೆ ಮದುಮಕ್ಕಳನ್ನು ಕೂರಿಸಿ ನೀರೆರೆಯುತ್ತಾರೆ. ಮಂಟಪದ ಮದುವೆಗಳಲ್ಲಿ ಇದನ್ನು ಬಾತ್‌ರೂಮಿನ ಹೊರಗಿನ ಓಣಿಯಲ್ಲಿ ಐದು ನಿಮಿಷಕ್ಕೆ ಮುಗಿಸುವುದನ್ನು ನೋಡಿದ್ದೇನೆ. ಇಲ್ಲಿ ಮುಕ್ಕಾಲು ಗಂಟೆ ಹಿಡಿಯಿತು. ಸೋಬಾನ ಹಾಡುವ ಹೆಂಗಸರು ಒಂದು ಸಾಲು ಮರೆತರು, ಅದಕ್ಕೆ ಇಬ್ಬರು ಎರಡು ತರಹ ಸಾಲು ಹೇಳಿದರು, ವಾದವಾಯಿತು, ಮದುಮಗಳು ಒದ್ದೆಯಲ್ಲೇ ಕೂತು ನಗುತ್ತಿದ್ದಳು. ಇಡೀ ದಿನದಲ್ಲಿ ನನಗೆ ಅತಿ ಇಷ್ಟವಾದ ಚಿತ್ರಗಳು ಆ ವಾದದವು. ಅಂದಿನಿಂದ ದೊಡ್ಡ ಮದುವೆಗಳಲ್ಲೂ ಸುರಗಿಗೆ ಬೇಗ ಹೋಗಿ ನಿಲ್ಲುತ್ತೇನೆ.

ಸಣ್ಣ ಮದುವೆಯಲ್ಲಿ ಕ್ಯಾಮೆರಾದವನಿಗೆ ಅಡಗಲು ಜಾಗವಿಲ್ಲ. ಹತ್ತು ಗಂಟೆಗೇ ಎಲ್ಲರಿಗೂ ನನ್ನ ಊರು, ಮನೆತನ, ಮಕ್ಕಳೆಷ್ಟು ಎಲ್ಲ ಗೊತ್ತಾಗಿತ್ತು. ಅಡುಗೆಮನೆಯ ಹೊಗೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದವರ ಫೋಟೊ ತೆಗೆಯಲು ಹೋದರೆ ‘ಮೊದಲು ತಿನ್ನು, ಆಮ್ಯಾಗ ತಗಿ’ ಎಂದು ಬಿಸಿ ಹೋಳಿಗೆ ಕೈಗಿಟ್ಟರು. ತುಪ್ಪದ ಕೈಯಲ್ಲಿ ಬಟನ್ ಒತ್ತಲಾಗದು. ಅಷ್ಟು ಹೊತ್ತು ಅವರ ಮಾತು ಕೇಳಿದೆ. ಯಾರು ಯಾರ ಚಿಕ್ಕಮ್ಮ, ಯಾರು ಯಾರೊಂದಿಗೆ ಮಾತು ಬಿಟ್ಟಿದ್ದಾರೆ ಎಲ್ಲ ಅಲ್ಲೇ ತಿಳಿದದ್ದು. ಅಕ್ಕಿಕಾಳು ಬೀಳುವಾಗ ಮದುಮಕ್ಕಳ ಮುಖ ಬಿಟ್ಟು, ಎಡಗಡೆ ನಿಂತಿದ್ದ ನಡುವಿನ ಕಾಕಾನ ಕಡೆ ಕ್ಯಾಮೆರಾ ತಿರುಗಿಸಿದ್ದು ಆ ಕಾರಣಕ್ಕೇ. ಅಣ್ಣತಮ್ಮಂದಿರ ಜಗಳದಲ್ಲಿ ಕೋರ್ಟಿಗೆ ಹೋದವರು ಅವರೇ. ಕಾಳು ಎಸೆದ ಕೈ ಹಾಗೇ ಕಣ್ಣಿಗೆ ಹೋಯಿತು. ಮಂಟಪದಲ್ಲಾಗಿದ್ದರೆ ಅವರು ನನಗೆ ಜರಿ ರುಮಾಲಿನ ಒಬ್ಬ ಹಿರಿಯರು, ಅಷ್ಟೇ.

ಊಟವಾದ ಮೇಲೆ ಮನೆಮಂದಿಯ ಫೋಟೊ. ಮೂವರು ಅಣ್ಣತಮ್ಮಂದಿರು ತಂತಮ್ಮ ಪಾಲಿನ ಬಾಗಿಲ ಮುಂದೆಯೇ ನಿಂತರು, ನಡುವೆ ಜೀಪು ಹೋಗುವಷ್ಟು ಅಂತರ. ‘ಸ್ವಲ್ಪ ಕೂಡ್ರಿ, ಫ್ರೇಮಿಗೆ ಬರಂಗಿಲ್ಲ’ ಎಂದೆ. ಯಾರೂ ಅಲುಗಲಿಲ್ಲ. ಅಜ್ಜಿ ಕಟ್ಟೆಯ ಮೇಲೆ ಕೂತಲ್ಲಿಂದಲೇ ‘ಇಟ್ಟಂಗಿ ಕಟ್ಟಿದ್ ಬಾಗಲಾ ಕಾಣಬಾರದು. ಅದರ ಮುಂದ ಬಂದು ನಿಂದರ್ರಿ ಮೂರೂ ಮಂದಿ’ ಎಂದರು. ಬಾಗಿಲು ಸಣ್ಣದು, ಅದು ಮುಚ್ಚಬೇಕೆಂದರೆ ಮೂವರೂ ಭುಜಕ್ಕೆ ಭುಜ ತಾಗಿಸಿ ನಿಲ್ಲಬೇಕು. ನಿಂತರು. ಮುಖ ಗಂಟಿಕ್ಕಿಕೊಂಡೇ ನಿಂತರು.

ವಾರ ಕಳೆದ ಮೇಲೆ ಮೂವರೂ ಬೇರೆ ಬೇರೆಯಾಗಿ ಫೋನ್ ಮಾಡಿ ಅದೇ ಫೋಟೊದ ದೊಡ್ಡ ಪ್ರಿಂಟ್ ಕೇಳಿದರು. ಒಬ್ಬರು ದನಿ ತಗ್ಗಿಸಿ, ‘ಬಲಗಡೆ ನಿಂತಾನಲ್ರಿ, ಅವನ್ನಷ್ಟು ಕಟ್ ಮಾಡಾಕ ಬರ್ತದೇನು?’ ಎಂದರು. ಅರ್ಧ ನಿಮಿಷದ ಕೆಲಸ ಅದು. ‘ಬರಂಗಿಲ್ರಿ’ ಎಂದೆ.