ಜಾತ್ರಿ ರೇಸಿನ ಊರಾಗ ಎರಡೂವರಿ ತಿಂಗಳು

ಬ್ರಸೆಲ್ಸ್ ಏರ್‌ಪೋರ್ಟ್‌ನ್ಯಾಗ ಸೈಕಲ್ ಬಾಕ್ಸ್ ಬರೋತನಕ ಜೀವ ಕೈಯಾಗ ಹಿಡ್ಕೊಂಡು ನಿಂತಿದ್ದೆ, ಯಾಕಂದ್ರ ಫ್ರೇಮ್ ಒಡೀತು ಅಂದ್ರ ಬಂದ ಕೆಲಸ ಅಲ್ಲಿಗೇ ಮುಗೀತು. ಬಾಕ್ಸ್ ಬಂತು, ಒಳಗ ಏನೂ ಆಗಿರ್ಲಿಲ್ಲ. ಅಲ್ಲಿಂದ ರೈಲು ಬದಲಿಸಿ ಔಡೆನಾರ್ಡ ಅನ್ನೋ ಊರಿಗೆ ಹೋದೆ. ಸ್ಟೇಶನ್ ಹೊರಗ ಒಬ್ರು ಅಜ್ಜಾರು ವ್ಯಾನಿನ ಹಿಂದಿನ ಬಾಗಿಲಾ ತಗದು ಕಾಯ್ಕೋತ ನಿಂತಿದ್ರು, ನನಗಿಂತ ಮೊದಲು ಬಾಕ್ಸಿಗೆ ಕೈ ಹಚ್ಚಿದ್ರು. ಅವರ ಮನ್ಯಾಗ ಎಲ್ಲಾರೂ ಅವರಿಗೆ ಓಪಾ ಅಂತಾರ, ಅಂದ್ರ ಅಜ್ಜ. ನಾನೂ ಓಪಾ ಅಂದೆ.

ನಂದು ವಿಜಯಪುರ. ವಿಜಯಪುರ, ಬಾಗಲಕೋಟ, ಗದಗ ಈ ಕಡೆ ಸೈಕಲ್ ಅಂದ್ರ ಏನು ಅಂತ ಹೊಸದಾಗಿ ಹೇಳೋದು ಬ್ಯಾಡ. ಆದ್ರ ರೋಡ್ ರೇಸ್ ಕಲೀಬೇಕು ಅಂದ್ರ ಬೆಲ್ಜಿಯಂ ನೋಡು, ಅದ್ರಾಗೂ ಫ್ಲಾಂಡರ್ಸ್ ನೋಡು ಅಂತ ನಮ್ಮ ಸರ್ ವರ್ಷಗಟ್ಟಲೆ ಹೇಳಿದ್ರು. ಟೂರ್ ಆಫ್ ಫ್ಲಾಂಡರ್ಸ್ ಅನ್ನೋ ಅಲ್ಲಿನ ದೊಡ್ಡ ರೇಸ್ 1913ರಾಗ ಸುರು ಆಗಿದ್ದು, 2012ರಿಂದ ಅದು ಮುಗಿಯೋದು ಇದೇ ಔಡೆನಾರ್ಡದಾಗ. ವೀಸಾ 90 ದಿನದ್ದು, ಮೇ ನಡುವ ಹೋಗಿ ಜುಲೈ ಕೊನಿಗೆ ಬಂದೆ. ಹೊಟೆಲ್ ರೂಮಿಗೆ ರೊಕ್ಕ ಎಲ್ಲಿಂದ ತರೋದು, ಮೊದ್ಲಿಂದ ಸೈಕ್ಲಿಸ್ಟ್‌ಗಳನ್ನ ಇಟ್ಕೊಳ್ಳೋ ಒಂದು ಮನ್ಯಾಗ ಜಾಗ ಸಿಕ್ತು, ಅದೇ ನನ್ನ ಪುಣ್ಯ.

ಮನಿ ಯಜಮಾನತಿ ತಮ್ಮನ್ನ ಹೆಸರು ಹಿಡಿದು ಕರಿ ಅಂದ್ರು. ಅಲ್ಲಿ ಹಂಗೇ ರೂಢಿ, ನನ್ನ ಬಾಯಿಗೆ ಬರ್ಲಿಲ್ಲ, ಕಾಕು ಅಂದೆ. ಹಂಗಂದ್ರ ಚಿಕ್ಕಪ್ಪನ ಹೆಂಡ್ತಿ ಅಂತ ತಿಳಿಸಿ ಹೇಳಿದ್ಮ್ಯಾಲ ಅವರು ಆಮ್ಯಾಲೆ ಫೋನಿನ್ಯಾಗೂ "ನಾ ಕಾಕು" ಅಂತಾನೇ ಮಾತಾಡೋರು. ನಾ ಮಾಂಸ ತಿನ್ನಂಗಿಲ್ಲ ಅಂತ ಮೊದ್ಲೇ ಬರ್ದಿದ್ದೆ. ಸಂಜೆ ಆರಕ್ಕ ಊಟ, ಬಟಾಟಿ, ಪಾಸ್ತಾ, ಮಸೂರಿ ಬ್ಯಾಳಿ ಸೂಪು. ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿ ಮೂರು ತಿಂಗಳಿಗೆ ಅಂತ ಒಯ್ದಿದ್ದೆ, ಆ ಮನಿ ಸಣ್ಣ ಹುಡುಗಿ ಒಂದಿನ ಬ್ರೆಡ್ಡಿಗೆ ಬೆಣ್ಣಿ ಹಚ್ಚಿ ಅದರ ಮ್ಯಾಲ ಹಿಂಡಿ ಉದುರಿಸಿ ತಿಂದ್ಲು, ಮೂರು ವಾರದಾಗ ಡಬ್ಬಿ ಖಾಲಿ. ನನಗ ಎಷ್ಟು ಖುಷಿ ಆತು ಅಂದ್ರ ಅವತ್ತೇ ಅವ್ವಗ ವಿಡಿಯೋ ಕಾಲ್ ಹಚ್ಚಿ ಖಾಲಿ ಡಬ್ಬಿ ತೋರಿಸಿದೆ.

ಎರಡನೇ ದಿನ ಕಲ್ಲಿನ ಏರು. ಅಲ್ಲಿ ಹಳೇ ರಸ್ತೆಗಳಿಗೆ ದೊಡ್ಡ ದೊಡ್ಡ ಕಲ್ಲು ಹಾಸ್ಯಾರ, ಕಸ್ಸೈಯನ್ ಅಂತಾರ. ನಾ ಊರಾಗಿನಂಗ 100 ಪಿಎಸ್ಐ ಗಾಳಿ ತುಂಬಿದ್ದೆ. ಓಪಾ ಬಂದು ಹೆಬ್ಬಟ್ಟಿಲೆ ಟೈಯರ್ ಒತ್ತಿ ನೋಡಿದ್ರು, ವಾಲ್ವ್ ತಿರುವಿ ಉಸ್ಸಂತ ಗಾಳಿ ಬಿಟ್ರು, ಮತ್ತ ಒತ್ತಿದ್ರು, ಮತ್ತ ಒಂಚೂರು ಬಿಟ್ರು. ಆಮ್ಯಾಲೆ ಪಂಪ್ ಹಚ್ಚಿ ನೋಡಿದ್ರ ಸರೀ 60. ಹ್ಯಾಂಡಲ್ ಬಿಗಿ ಹಿಡೀಬ್ಯಾಡ, ಸೀಟಿನ ಮ್ಯಾಲ ಹಿಂದ ಕುಂದ್ರು, ರಸ್ತೆ ನಡುವಿನ ಉಬ್ಬಿನ ಮ್ಯಾಲೇ ಹೋಗು ಅಂತ ಕೈಸನ್ನಿಲೆ ಹೇಳಿದ್ರು. ಕೊಪ್ಪೆನ್‌ಬರ್ಗ್ ಅನ್ನೋ ಆ ಏರು ಬರೇ 600 ಮೀಟರ್, ಆದ್ರ ಒಂದು ಕಡೆ 22 ಪರ್ಸೆಂಟ್ ಏರು, ಎದ್ದು ನಿಂತು ತುಳಿದ್ರ ಹಿಂದಿನ ಗಾಲಿ ಜಾರತೈತಿ. ಇದೇ ಏರಿನ ಮ್ಯಾಲ 1987ರ ಟೂರ್ ಆಫ್ ಫ್ಲಾಂಡರ್ಸ್ ರೇಸಿನ್ಯಾಗ ಡೆನ್ಮಾರ್ಕಿನ ಯೆಸ್ಪರ್ ಸ್ಕಿಬಿ ಒಬ್ಬನೇ ಮುಂದಿದ್ದಾಗ ಬಿದ್ದ, ಹಿಂದಿದ್ದ ರೇಸಿನ ಅಧಿಕಾರಿ ಕಾರು ಅವನ ಸೈಕಲ್ ಮ್ಯಾಲ ಹಾದುಹೋತು. ಆಮ್ಯಾಲೆ 2002ರತನಕ ಈ ಏರನ್ನ ರೇಸಿನಿಂದ ಬಿಟ್ಟಿದ್ರು. ಓಪಾ ಆ ಜಾಗ ತೋರಿಸಿ ಹೇಳುವಾಗ ಅವರ ಮುಖದಾಗ ಇನ್ನೂ ಸಿಟ್ಟಿತ್ತು.

ಖರೇ ಕಲಿತಿದ್ದು ಗಾಳಿಯಾಗ. ಅಲ್ಲಿ ಕೆರ್ಮಿಸ್ ಅಂದ್ರ ಜಾತ್ರಿ. ನಮ್ಮ ಕಡೆ ಜಾತ್ರಿಗೆ ಕುಸ್ತಿ, ಸೈಕಲ್ ಶರ್ತು ಇಟ್ಟಂಗ ಅಲ್ಲಿ ಹಳ್ಳಿಹಳ್ಳಿಗೂ ಜಾತ್ರಿ ರೇಸ್, ಒಂದು ಕೆಫೆಯೊಳಗ ಹೆಸರು ಬರೆಸಿ ನಂಬರ್ ಇಸ್ಕೊಂಡು ಬೆನ್ನಿಗೆ ಪಿನ್ ಹಾಕ್ಕೊಂಡು ನಿಲ್ಲೋದು. ನನ್ನ ಮೊದಲನೇ ರೇಸ್ ನಾಲ್ಕು ಲ್ಯಾಪಿಗೆ ಮುಗೀತು. ಹೊಲದ ನಡುವ ಎಡಗಡಿಂದ ಗಾಳಿ ಬಂತು, ಮುಂದಿದ್ದ ಹತ್ತು ಹನ್ನೆರಡು ಮಂದಿ ರಸ್ತೆ ಅಡ್ಡಕ್ಕ ಓರೆಯಾಗಿ ಹರಡಿ ನಿಂತ್ರು, ನಾವೆಲ್ಲಾ ಬಲಗಡೆ ಅಂಚಿನ್ಯಾಗ ಒಬ್ಬರ ಹಿಂದ ಒಬ್ಬರು ಸಾಲಾಗಿ, ಮರೆನೇ ಇಲ್ಲ, ಕಾಲು ಉರಿ, ಎರಡು ನಿಮಿಷದಾಗ ಗ್ಯಾಪ್ ಬಿತ್ತು ಮತ್ತ ಅದು ಮುಚ್ಚಲೇ ಇಲ್ಲ. ಅವತ್ತು ಭಾಳ ಅಳು ಬಂತು. ಕಾಕು ಏನೂ ಕೇಳದ ನನ್ನ ಜರ್ಸಿ ತೊಳಿಯಾಕ ಹಾಕಿದ್ರು.

ರಾತ್ರಿ ಓಪಾ ಟೇಬಲ್ ಮ್ಯಾಲ ಸಕ್ರಿ ಪ್ಯಾಕೆಟ್ ಇಟ್ಟು ಓರೆ ಸಾಲು ಮಾಡಿ ತೋರಿಸಿದ್ರು. ಒಬ್ಬರ ಮರೆಗೆ ಒಬ್ಬರು ಓರೆಯಾಗಿ ಹೋಗಿ ಗಾಳಿ ತಪ್ಪಿಸ್ಕೊಳ್ಳೋದು, ಅದಕ್ಕ ವಾಯರ್ ಅಂತಾರ, ಬೀಸಣಿಗಿ ಅಂತ ಅರ್ಥ. ರಸ್ತೆ ಎಷ್ಟು ಅಗಲ ಐತೋ ಅಷ್ಟೇ ಮಂದಿಗೆ ಅದ್ರಾಗ ಜಾಗ, ಉಳಿದವರು ಅಂಚಿಗೆ. ಹಂಗಾಗಿ ಗಾಳಿ ಬಂದಮ್ಯಾಲ ಮುಂದ ಹೋಗೋದಲ್ಲ, ತಿರುವು ಬರೋ ಮೊದ್ಲೇ ಗಾಳಿ ಯಾ ಕಡಿಂದ ಐತಿ ಅಂತ ಧ್ವಜ, ಗಿಡ, ಹುಲ್ಲು ನೋಡಿ ಮುಂದ ಇರಬೇಕು. ಆಮ್ಯಾಲೆ ವಾರಕ್ಕ ಎರಡು ರೇಸ್, ಉಳಿದ ದಿನ ಸ್ಕೆಲ್ಡ್ ನದಿ ದಂಡಿ ರಸ್ತೆ. ಅಲ್ಲಿ ಸೈಕಲ್ ದಾರಿಗೆ ನಂಬರ್ ಬೋರ್ಡ್ ಇರ್ತಾವ, ಓಪಾ ಬೆಳಿಗ್ಗೆ ಆ ನಂಬರ್ ಪಟ್ಟಿ ಟೇಪಿನ ಮ್ಯಾಲ ಬರ್ದು ನನ್ನ ಫ್ರೇಮಿಗೆ ಅಂಟಸ್ತಿದ್ರು. ಹಿಂದ ಬಂದ ಕಾರಿನವರು ಹಾರ್ನ್ ಹೊಡಿಯಂಗಿಲ್ಲ, ದಾರಿ ಸಿಗೋತನಕ ಹಿಂದೇ ಬರ್ತಾರ. ಕಬ್ಬಿನ ಟ್ರ್ಯಾಕ್ಟರ್ ನಡುವ ಬೆಳದ ನನಗ ಅದು ನಂಬಾಕಾಗ್ಲಿಲ್ಲ. ಒಂಬತ್ತನೇ ರೇಸಿನ್ಯಾಗ ಮೊದಲ ಸಲ ಬೀಸಣಿಗಿಯೊಳಗ ಜಾಗ ಸಿಕ್ತು, 23ನೇ ನಂಬರಿಗೆ ಮುಗಿಸಿದೆ. ಓಪಾ ಫಿನಿಶ್ ಹಂತ್ಯಾಕ ಟೊಪಗಿ ತಗದು ಬೀಸ್ತಿದ್ರು.

ಬರುವಾಗ ಟೈಯರ್ ಒಂದು ಜೋಡಿ ಬ್ಯಾಗಿನ್ಯಾಗ ತುರುಕಿದ್ರು, ಬ್ಯಾಡ ಅಂದ್ರೂ ಕೇಳ್ಲಿಲ್ಲ.

ಹೋದ ಐತಾರ ನಸುಕಿನ್ಯಾಗ ನಾವು ಆರು ಮಂದಿ ಬಾಗಲಕೋಟ ಕಡೆ ಹೊಂಟಿದ್ವಿ. ಕೃಷ್ಣಾ ನದಿಯ ಕೊಲ್ಹಾರ ಬ್ರಿಜ್ ಮ್ಯಾಲ ಹಿನ್ನೀರಿನಿಂದ ಗಾಳಿ ಬಲಗಡೆ ಹೊಡೀತಿತ್ತು. ಗಾಡಿ ಯಾವೂ ಇರ್ಲಿಲ್ಲ. ನಾ ಮುಂದ ಬಲಕ್ಕ ಸರ್ದು ಎಲ್ಲಾರಿಗೂ ಎಡಕ್ಕ ಓರೆಯಾಗಿ ನಿಲ್ರೋ ಅಂತ ಕೂಗಿದೆ. ಎಲ್ಲಾರಿಗಿಂತ ಸಣ್ಣವ, ಒಂಬತ್ತನೇ ಕ್ಲಾಸಿನವ, ತಡಾ ಮಾಡಿ ಅಂಚಿಗೆ ಸಿಕ್ಕೊಂಡು ಹಿಂದ ಉಳ್ಕೊಂಡ. ದಾಟಿದಮ್ಯಾಲ ಅವಂಗ ನಿಂತು ಕಾಯ್ದ್ವಿ, ಕೊಲ್ಹಾರದ ಗಡಗಿ ಮೊಸರು ತಿಂದ್ವಿ, ಆಮ್ಯಾಲೆ ಅವನೇ ಅಂದ, "ಅಣ್ಣಾ, ಇನ್ನೊಮ್ಮೆ ಬ್ರಿಜ್ ದಾಟೋಣೇನು?"